ಯಾರ ರಕ್ತದ ಉರಿ

ರಂಗನಾಥ ತುಮಕೂರಿನಿಂದ ರಿಪೋರ್ಟು ತಗೊಂಡು ಬಂದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅವನ ತಾಯಿ ಅಂಕಮ್ಮ ಮುದ್ದೆ ಕಟ್ಟುತ್ತಿದ್ದಳು. ಹೆಂಡತಿ ಜ್ಯೋತಿಲಕ್ಷ್ಮಿ ಅವರೆಕಾಳಿನ ಸಾರು ಬಡಿಸುತ್ತಿದ್ದಳು. ತಂದೆ ಗಂಗಾಧರಯ್ಯ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದ. ಆರು ವರ್ಷದ ಮಗಳು ಕೃತಿಕಾ ಮಾತ್ರ ಹಜಾರದ ಮೂಲೆಯ ಒರಳುಕಲ್ಲಿಗೆ ಎಡಗೆನ್ನೆ ಒತ್ತಿಕೊಂಡು ಬಿದ್ದಿದ್ದಳು.

"ಕೈಕಾಲಾದ್ರೂ ತೊಳ್ಕೊಂಡು ಬಾರ್ಲಾ," ಎಂದಳು ಅಂಕಮ್ಮ.

ರಂಗನಾಥ ನಿಂತಲ್ಲೇ ಕವರು ಬಿಚ್ಚಿದ. "ಸಿಕ್ತು ಕಣಮ್ಮ. ಬೆಂಗಳೂರಿನೋರಿಗೂ ಸಿಗದೇ ಇದ್ದದ್ದು ಇವರಿಗೆ ಸಿಕ್ತು. ಪುಟ್ಟಿ ರಕ್ತದಲ್ಲಿ ಉರಿ ಐತೆ. ಆರಕ್ಕಿಂತ ಕಮ್ಮಿ ಇರಬೇಕಾದ್ದು ನಲವತ್ತರ ಹತ್ರ ಐತೆ."

"ಉರಿ ಅಂದ್ರೆ? ಜ್ವರವಾ?" ಎಂದ ಗಂಗಾಧರಯ್ಯ.

"ಜ್ವರ ಅಲ್ಲಪ್ಪ, ಉರಿಯೂತ ಅಂತಾರೆ. ಸಿ.ಆರ್.ಪಿ. ಅಂತ ಒಂದು ಪರೀಕ್ಷೆ. ಒಳಗೊಳಗೇ ಬೇಯ್ತಾ ಇರ್ತದಂತೆ. ಅದೇ ಮಿದುಳಿಗೆ ಏರಿ ಮಾತು ಕಟ್ಟಿಹಾಕಿದೆಯಂತೆ. ಉರಿ ಇಳಿಸಿದ್ರೆ ಮಾತು ಬತ್ತದೆ ಅಂದ್ರು ಡಾಕ್ಟ್ರು."

ಅಂಕಮ್ಮ ಮುದ್ದೆಯನ್ನು ಗಂಡನ ತಟ್ಟೆಗೆ ಇಳಿಸಿದಳು. "ರಕ್ತ ಅಂದ್ಮೇಲೆ ಎಲ್ಲಿಂದ್ಲೋ ಬಂದಿರ್ಬೇಕಲ್ಲ. ನಮ್ ಕಡೆ ಮಾತು ಬರ್ದೋರು ಯಾರೂ ಇಲ್ಲ ಕಣಪ್ಪ. ನಮ್ಮೋರಿಗೆ ಮಾತು ಜಾಸ್ತಿನೇ."

ಜ್ಯೋತಿಲಕ್ಷ್ಮಿಯ ಸೌಟು ಅಲ್ಲೇ ನಿಂತಿತು. "ನಮ್ಮ ಕಡೇಲಿ ಯಾರಿದಾರೆ ಅತ್ತೆ? ಹೆಸರು ಹೇಳಿ."

"ಸಂಪಿಗೆ ಊರಲ್ಲಿ ನಿಮ್ಮ ಸೋದರತ್ತೆ ಇದ್ಲಲ್ಲ, ಒಬ್ಳೇ ಕೂತು ಮಾತಾಡ್ಕೋತಿದ್ಲು."

"ಆಕೆ ಗಂಡ ಹತ್ತು ವರ್ಷ ಆಕೇನ ಮಾತಾಡಿಸ್ಲಿಲ್ಲ. ಇನ್ಯಾರ ಹತ್ರ ಮಾತಾಡ್ಬೇಕಿತ್ತು?"

"ಊಟದ ಹೊತ್ತಿಗೆ ಶುರುವಾಯ್ತಾ," ಎಂದು ಗಂಗಾಧರಯ್ಯ ಮುದ್ದೆ ಮುರಿದ. ಜ್ಯೋತಿಲಕ್ಷ್ಮಿ ಸೌಟು ಕೆಳಗಿಟ್ಟು, ಮೂಲೆಗೆ ಹೋಗಿ ಮಗಳನ್ನು ಎತ್ತಿಕೊಂಡಳು.

ಕೃತಿಕಾ ನಡೆಯುವುದು ತುದಿಗಾಲಲ್ಲಿ. ತೆಂಗಿನ ಗರಿಯ ಸೀಳೊಂದು ಕೈಗೆ ಸಿಕ್ಕರೆ ಸಾಕು, ಅದನ್ನೇ ಕಣ್ಣಮುಂದೆ ಆಡಿಸುತ್ತಾ ಇರುತ್ತಾಳೆ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ಹಾಲು ಕರೆಯುವ ಸದ್ದಾದರೆ ಕೊಟ್ಟಿಗೆಗೆ ಓಡುತ್ತಾಳೆ. ಎರಡು ವರ್ಷದ ಹಿಂದೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಇದಕ್ಕೆ ಆಟಿಸಂ ಅನ್ನುತ್ತಾರೆ, ಮಾತ್ರೆಯಿಂದ ಹೋಗುವಂಥದ್ದಲ್ಲ, ಮಗು ಇರುವ ಹಾಗೇ ಇಟ್ಟುಕೊಂಡು ನಿಧಾನವಾಗಿ ಕಲಿಸಬೇಕು ಎಂದಿದ್ದರು. ಅತ್ತು ಅತ್ತು ಜ್ಯೋತಿಲಕ್ಷ್ಮಿ ಅದನ್ನು ಒಪ್ಪಿಕೊಂಡಳು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ, ಬಿ.ಕಾಂ. ಓದಿದ್ದ ರಂಗನಾಥ ಒಪ್ಪಲಿಲ್ಲ. "ತೆಂಗಿನ ನುಸಿ ರೋಗಕ್ಕೇ ಬೇರಿಗೆ ಕಟ್ಟೋ ಔಷಧಿ ಬಂದಿದೆ, ನನ್ನ ಮಗೂಗೆ ಇಲ್ವಾ?" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ್ದ.

ಈಚೆಗೆ ಕೆಲವು ತಿಂಗಳಿಂದ ಮಗುವನ್ನು ಸಂಭಾಳಿಸುವುದು ಇನ್ನೂ ಕಷ್ಟವಾಗಿತ್ತು. ಇದ್ದಕ್ಕಿದ್ದಂತೆ ಕಿರುಚುವುದು, ಅಂಗೈಯಿಂದ ಎಡಗೆನ್ನೆಗೆ ಪಟಪಟ ಹೊಡೆದುಕೊಳ್ಳುವುದು, ತಣ್ಣಗಿರುವ ನೆಲಕ್ಕೋ ಕಲ್ಲಿಗೋ ಮುಖ ಒತ್ತಿ ಮಲಗುವುದು. ಆಗಲೇ ರಂಗನಾಥ ಪೇಪರಿನಲ್ಲಿ ತುಮಕೂರಿನ ಕ್ಲಿನಿಕ್ಕಿನ ಜಾಹೀರಾತು ನೋಡಿದ್ದು.

ಆ ಡಾಕ್ಟರಿಗೆ ಒಳ್ಳೆಯ ಮಾತುಗಾರಿಕೆ ಇತ್ತು. ಗೋಡೆಯ ಮೇಲೆ ಮಿದುಳಿನ ಚಿತ್ರ, ಅದರಲ್ಲಿ ಕೆಂಪು ಬಣ್ಣ ಬಳಿದ ಜಾಗ. ಮೇಜಿನ ಆಚೆಯಿಂದಲೇ ಕೃತಿಕಾಳನ್ನು ನೋಡಿ, "ಕೆನ್ನೆಗೆ ಹೊಡ್ಕೋತಾಳಲ್ಲ, ಮಿದುಳಿನ ಉರಿ ತಡೆಯೋಕಾಗದೆ ಹೊಡ್ಕೊಳ್ಳೋದು," ಎಂದ. ವಾರಕ್ಕೊಂದು ಇಂಜೆಕ್ಷನ್ನು, ದಿನಕ್ಕೆ ಮೂರು ಸಲ ಪುಡಿ. ಹಾಲು, ಮೊಸರು, ತುಪ್ಪ, ಬೆಲ್ಲ, ಗೋಧಿ ಮುಟ್ಟಿಸಬಾರದು.

"ಸಾರ್, ಅವಳು ತಿನ್ನೋದೇ ಹಾಲಲ್ಲಿ ಕಿವುಚಿದ ಮುದ್ದೆ. ಬೇರೆ ಏನೂ ಬಾಯಿಗೆ ಸೇರಿಸಲ್ಲ," ಎಂದಳು ಜ್ಯೋತಿಲಕ್ಷ್ಮಿ.

"ಹಸಿವಾದ್ರೆ ತಿಂತಾಳಮ್ಮ. ತಾಯಂದಿರು ಗಟ್ಟಿ ಆಗ್ಬೇಕು," ಎಂದು ಡಾಕ್ಟರು ರಂಗನಾಥನ ಕಡೆ ನೋಡಿ ನಕ್ಕ. ರಂಗನಾಥನೂ ನಕ್ಕ.

ಹಸಿವಾದರೂ ಕೃತಿಕಾ ತಿನ್ನಲಿಲ್ಲ. ಸಾರಲ್ಲಿ ಕಿವುಚಿದ ಮುದ್ದೆಯನ್ನು ಬಾಯಿಗಿಟ್ಟರೆ ಉಗಿದಳು. ಅನ್ನ ಇಟ್ಟರೆ ತಟ್ಟೆ ತಳ್ಳಿದಳು. ಬಾಳೆಹಣ್ಣಿನ ತುದಿಯನ್ನು ಬಲಗಡೆಯ ಬಾಯಲ್ಲಿಟ್ಟುಕೊಂಡು ಚೀಪಿ ಬಿಟ್ಟಳು. ವಾರ ಎರಡಾಗುವಷ್ಟರಲ್ಲಿ ಕಾಲುಗಳು ಸೋಗೆಯ ಕಡ್ಡಿಯಂತಾದವು. ಕಿರುಚಾಟ ಕಡಿಮೆಯಾಯಿತು. ಕಿರುಚುವ ಶಕ್ತಿ ಎಲ್ಲಿತ್ತು?

"ನೋಡು, ಶಾಂತವಾಗಿದಾಳೆ. ಔಷಧಿ ಹಿಡೀತಾ ಐತೆ," ಎಂದ ರಂಗನಾಥ.

"ಶಾಂತ ಅಲ್ಲ ಕಣ್ರೀ ಅದು, ನಿತ್ರಾಣ. ನೀವು ಎರಡು ದಿನ ಹೊಟ್ಟೆಗಿಲ್ದೆ ಬಿದ್ಕೊಳ್ಳಿ, ನೀವೂ ಶಾಂತವಾಗ್ತೀರ."

"ನಿನಗೆ ಮಗು ಹುಷಾರಾಗೋದು ಬೇಕಿಲ್ಲ."

ಆ ಮಾತಿಗೆ ಜ್ಯೋತಿಲಕ್ಷ್ಮಿ ಕೈಲಿದ್ದ ಪೊರಕೆಯನ್ನು ನೆಲಕ್ಕೆ ಬಿಸಾಡಿ ಹಿತ್ತಲಿಗೆ ನಡೆದಳು. ತೊಳೆಯಬೇಕಾದ ಪಾತ್ರೆ ಸಂಜೆಯ ತನಕ ಹಾಗೇ ಬಿದ್ದಿತ್ತು. ಕೊನೆಗೆ ಅಂಕಮ್ಮನೇ ಬೈದುಕೊಂಡು ತೊಳೆದಳು.

ಮಗನ ಮೇಲೆ ಅಂಕಮ್ಮನ ಮನಸ್ಸು ಮುರಿದದ್ದು ಹಸುವಿನ ವಿಷಯಕ್ಕೆ. ಇಂಜೆಕ್ಷನ್ನಿಗೆ ದುಡ್ಡು ಸಾಲದೆ ಬಂದಾಗ ರಂಗನಾಥ, ಮಗುವಿಗೆ ಹಾಲೇ ಬೇಡ ಅಂದ ಮೇಲೆ ಹಸು ಯಾಕೆ ಎಂದು ಲೆಕ್ಕ ಹಾಕಿದ. ಕರು ಹಾಕಿ ಮೂರು ತಿಂಗಳಾಗಿದ್ದ ಕೆಂದ ಹಸುವನ್ನು ಕರುವಿನ ಸಮೇತ ಮಾಯಸಂದ್ರದವನೊಬ್ಬನಿಗೆ ಹೊಡೆದು ಕೊಟ್ಟ. ತೋಟಕ್ಕೆ ಹೋಗಿದ್ದ ಅಂಕಮ್ಮ ಬಂದು ನೋಡುತ್ತಾಳೆ, ಗೂಟದಲ್ಲಿ ಹಗ್ಗ ಮಾತ್ರ ಇದೆ.

"ಯಾರನ್ನ ಕೇಳಿ ಮಾರ್ದೆ ನೀನು? ನನ್ನ ತೌರಿಂದ ಬಂದ ತಳಿ ಅದು!"

"ನಿನ್ನ ಮೊಮ್ಮಗಳಿಗೋಸ್ಕರ ಮಾರ್ದೆ."

"ಮೊಮ್ಮಗಳು ಕೊಟ್ಟಿಗೇಲಿ ನೋಡು ಹೋಗು. ಹಸು ನಿಲ್ತಿದ್ದ ಜಾಗದಲ್ಲಿ ನಿಂತವ್ಳೆ. ಹೋಗಿ ಹೇಳು, ನಿನಗೋಸ್ಕರ ಮಾರ್ದೆ ಅಂತ!"

ಆವತ್ತು ಅತ್ತೆ ಸೊಸೆ ಇಬ್ಬರೂ ಊಟ ಮಾಡಲಿಲ್ಲ. ಇಬ್ಬರೂ ಒಂದೇ ಕಾರಣಕ್ಕೆ ಉಪವಾಸ ಬಿದ್ದದ್ದು ಆ ಮನೆಯಲ್ಲಿ ಅದೇ ಮೊದಲು.

ಮುಂದಿನ ವಾರ ಡಾಕ್ಟರು ಇನ್ನೊಂದು ಹೇಳಿದ. ತಂದೆ ತಾಯಿಯ ರಕ್ತವನ್ನೂ ನೋಡಬೇಕು, ಯಾರಿಂದ ಬಂತೆಂದು ಗೊತ್ತಾಗಬೇಕು. ಅಂಕಮ್ಮನ ಮಾತು ಇನ್ನೂ ಕಿವಿಯಲ್ಲೇ ಇದ್ದ ಜ್ಯೋತಿಲಕ್ಷ್ಮಿ ತಾನಾಗಿಯೇ ತೋಳು ಮುಂದೆ ಚಾಚಿದಳು. "ತಗೊಳ್ಳಿ. ಎಷ್ಟು ಬೇಕಾದ್ರೂ ತಗೊಳ್ಳಿ."

ಆ ದಿನಗಳಲ್ಲಿ ಅವರ ಮನೆಯಲ್ಲಿ ಕೊಬ್ಬರಿ ಕೆಲಸ ನಡೆದಿತ್ತು. ವರ್ಷ ತುಂಬಿದ ಕಾಯಿಗಳನ್ನು ಅಟ್ಟದಿಂದ ಇಳಿಸಿ, ಸಿಪ್ಪೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವ ಕೆಲಸ. ಭಾನುವಾರ ಅದಕ್ಕೆ ಕೂತಿದ್ದ ರಂಗನಾಥನ ಉಗುರಿನ ಸಂದಿಗೆ ಕರಟದ ಚೂರು ಹೊಕ್ಕು ಉಗುರುಸುತ್ತಾಗಿತ್ತು. ಬೆರಳು ಬದನೆಕಾಯಿಯಂತೆ ಊದಿಕೊಂಡು, ಅದಕ್ಕೊಂದು ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ತುಮಕೂರಿಗೆ ರಕ್ತ ಕೊಡಲು ಹೋದದ್ದೂ ನಿಂಬೆಹಣ್ಣಿನ ಜೊತೆಗೇ.

ರಿಪೋರ್ಟು ಬಂತು. ಜ್ಯೋತಿಲಕ್ಷ್ಮಿಯದು ಎಷ್ಟಿರಬೇಕೋ ಅಷ್ಟೇ. ರಂಗನಾಥನದು ಅದರ ಮೂರರಷ್ಟು.

"ತಂದೆ ಕಡೆಯಿಂದ ಬಂದಿದೆ," ಎಂದ ಡಾಕ್ಟರು, ಅವನ ಕೈ ಕಡೆ ಕಣ್ಣೂ ಹಾಯಿಸದೆ. "ನೀವೂ ಔಷಧಿ ಶುರು ಮಾಡಬೇಕಾಗುತ್ತೆ."

ಮನೆಯಲ್ಲಿ ಈ ಸುದ್ದಿಯನ್ನು ಹೇಳಿದವಳು ಜ್ಯೋತಿಲಕ್ಷ್ಮಿ. ಬೇಕೆಂದೇ ಊಟದ ಹೊತ್ತಿಗೆ ಹೇಳಿದಳು. ಅಂಕಮ್ಮ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಏನೂ ನೋಡದೆ ಮತ್ತೆ ಮುಚ್ಚಿದಳು. ಗಂಗಾಧರಯ್ಯ ಮಗನ ಮುಖ ನೋಡಿದ.

"ನಿನ್ನ ರಕ್ತ ಅಂದ್ರೆ ನನ್ನ ರಕ್ತ. ಅರವತ್ತೆರಡು ವರ್ಷ ಆಯ್ತು, ನಂಗೆ ಯಾವ ಉರಿನೂ ಇಲ್ವಲ್ಲೋ," ಎಂದ. ಆಮೇಲೆ ಮಗನ ಬೆರಳಿನ ಮೇಲೆ ಅವನ ಕಣ್ಣು ನಿಂತಿತು. "ಅಲ್ಲಾ, ಈ ಬೆರಳು ಉರೀತಿಲ್ವಾ ನಿಂಗೆ?"

"ಉರೀತದೆ. ಅದಕ್ಕೂ ಇದಕ್ಕೂ ಏನಪ್ಪ ಸಂಬಂಧ?"

ಜ್ಯೋತಿಲಕ್ಷ್ಮಿ ಸೌಟು ಹಿಡಿದು ಆ ಬೆರಳನ್ನೇ ನೋಡುತ್ತಾ ನಿಂತಳು.

ಮೂರು ದಿನದಲ್ಲಿ ಉಗುರುಸುತ್ತು ಒಡೆದು ಕೀವು ಹೋಯಿತು, ಬೆರಳು ಇಳಿಯಿತು. ಅದರ ಮುಂದಿನ ವಾರ ತುಮಕೂರಿನಲ್ಲಿ ರಂಗನಾಥನ ರಕ್ತ ಮತ್ತೆ ನೋಡಿದರೆ ಉರಿ ಇಲ್ಲವೇ ಇಲ್ಲ. ಅವನು ತನ್ನ ಔಷಧಿಯ ಪೊಟ್ಟಣವನ್ನು ಇನ್ನೂ ಬಿಚ್ಚಿರಲೇ ಇಲ್ಲ.

ಆ ಸಂಜೆ ಜ್ಯೋತಿಲಕ್ಷ್ಮಿ ಗಂಡನನ್ನು ಬಿಡಲಿಲ್ಲ. "ನಿಮ್ಮ ಬೆರಳಲ್ಲಿ ಕೀವಿತ್ತು, ರಕ್ತದಲ್ಲಿ ಉರಿ ಏರ್ತು. ಕೀವು ಹೋಯ್ತು, ಉರಿ ಇಳೀತು. ಹೌದೋ ಅಲ್ವೋ?"

"ಆಗಿರ್ಬೋದು."

"ಹಂಗಾದ್ರೆ ಪುಟ್ಟಿ ಮೈಯಲ್ಲಿ ಎಲ್ಲಿದೆ ರೀ ಉಗುರುಸುತ್ತು?"

"ಅವಳದು ಬೇರೆ. ಅವಳದು ಆಟಿಸಂ."

"ಆಟಿಸಂ ಇರೋ ಮಗೂಗೆ ಗಾಯ ಆಗಲ್ವಾ? ಕೀವಾಗಲ್ವಾ? ನೋವಾಗಲ್ವಾ?"

"ಡಾಕ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಎಂದು ರಂಗನಾಥ ಟಿ.ವಿ. ಹಾಕಿದ.

ಮರುದಿನ ಅವನು ಮಂಡಿಗೆ ಹೋದ ಮೇಲೆ ಜ್ಯೋತಿಲಕ್ಷ್ಮಿ ಮಗಳ ಬಟ್ಟೆ ಬಿಚ್ಚಿ ಅಂಗಳದ ಬಿಸಿಲಲ್ಲಿ ನಿಲ್ಲಿಸಿದಳು. ಪಾದ ನೋಡಿದಳು, ಬೆರಳ ಸಂದಿ, ಕಂಕುಳು, ತಲೆ, ಕಿವಿ ನೋಡಿದಳು. ಎಲ್ಲೂ ಏನೂ ಇಲ್ಲ. ಕೆನ್ನೆಗೆ ಕೈ ಹೋದಾಗ ಕೃತಿಕಾ ಕಿಟಾರನೆ ಕಿರುಚಿ ತಾಯಿಯ ಮುಂಗೈ ಕಚ್ಚಿದಳು, ಬಲಗಡೆಯ ಹಲ್ಲಿನಿಂದ. ಜ್ಯೋತಿಲಕ್ಷ್ಮಿ ಆ ಗುರುತನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು.

"ಅತ್ತೇ! ಬನ್ನಿ ಇಲ್ಲಿ. ಇವಳನ್ನ ಹಿಡ್ಕೊಳ್ಳಿ. ಮಾವ, ನೀವೂ ಬನ್ನಿ."

ಅಂಕಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಅವುಚಿ ಕೂತಳು, ಗಂಗಾಧರಯ್ಯ ಕಾಲು ಹಿಡಿದ. ಮಗು ಅಳಲು ಬಾಯಿ ತೆರೆದ ಕೂಡಲೇ ಜ್ಯೋತಿಲಕ್ಷ್ಮಿ ಗಲ್ಲ ಹಿಡಿದು ಬಿಸಿಲಿಗೆ ಎತ್ತಿದಳು. ಎಡಗಡೆ ಹಿಂದಿನ ಹಲ್ಲು ಕರ್ರಗೆ ಟೊಳ್ಳಾಗಿತ್ತು. ಅದರ ಬುಡದಲ್ಲಿ ವಸಡು ಹುಣಿಸೆ ಬೀಜದ ಗಾತ್ರಕ್ಕೆ ಊದಿತ್ತು, ಅದರ ತುದಿಯಲ್ಲಿ ಹಳದಿ ಕೀವು.

"ಅಯ್ಯೋ ನಮ್ಮವ್ವಾ," ಎಂದಳು ಅಂಕಮ್ಮ. "ಇದನ್ನ ಇಟ್ಕೊಂಡು ಎಂಗೆ ಉಂಡಾಳು ಕಣೇ ಮಗು? ನಾನು ಹೊಡ್ದು ಹೊಡ್ದು ತಿನ್ನಿಸ್ದೆನಲ್ಲೇ!"

ಗಂಗಾಧರಯ್ಯ ಎದ್ದು ಹೆಗಲ ಟವಲು ಕೊಡವಿ, "ಬಸ್ಸಿನ ಹೊತ್ತಾಯ್ತು, ಏಳಿ," ಎಂದ.

ತುರುವೇಕೆರೆಯ ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಮಗು ಕೈಗೆ ಸಿಗದೆ ಕೋಣೆಯೆಲ್ಲ ಓಡಾಡಿದರೂ ಬೇಸರ ಮಾಡಿಕೊಳ್ಳಲಿಲ್ಲ. ಬಾಯಿ ನೋಡಿದ ಮೇಲೆ ಅವಳ ಮುಖ ಗಂಟಾಯಿತು.

"ಇದು ಇವತ್ತು ನಿನ್ನೇದಲ್ಲ. ಬೇರಿನ ತನಕ ಕೀವಾಗಿದೆ. ನಿಮಗೋ ನನಗೋ ಆಗಿದ್ದಿದ್ರೆ ಊರೇ ಎದ್ದು ಬರೋ ಹಾಗೆ ಕೂಗ್ತಿದ್ವಿ."

"ಅವಳೂ ಕೂಗಿದ್ಲು ಮೇಡಂ," ಎಂದಳು ಜ್ಯೋತಿಲಕ್ಷ್ಮಿ. "ದಿನಾ ಕೂಗಿದ್ಲು. ಎಲ್ಲಿ ನೋವು ಅಂತ ಕೈಯಿಂದ ಹೊಡ್ಕೊಂಡು ತೋರಿಸಿದ್ಲು. ನಾವು ಅದೂ ಆ ಕಾಯಿಲೇದೇ ಅಂದ್ಕೊಂಡು ಕೂತಿದ್ವಿ."

ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿದಳು. "ಸಿ.ಆರ್.ಪಿ. ಅಂದ್ರೆ ಮೈಯಲ್ಲಿ ಎಲ್ಲೋ ಉರಿಯೂತ ಇದೆ, ಹುಡುಕಿ ಅಂತ ಅರ್ಥ ಅಮ್ಮ. ಅದನ್ನ ನೋಡಿ ಆಟಿಸಂ ಯಾಕೆ ಬಂತು ಅಂತ ಹೇಳೋಕಾಗಲ್ಲ. ರಕ್ತದ ಉರಿಯೂತಕ್ಕೂ ಆಟಿಸಂಗೂ ಸಂಬಂಧ ಇದೆಯಾ ಅಂತ ದೊಡ್ಡ ದೊಡ್ಡೋರು ಇನ್ನೂ ಹುಡುಕ್ತಾ ಇದಾರೆ. ಅದು ಹಂಗಿರ್ಲಿ. ಇಷ್ಟು ಏರಿದ್ದು ನೋಡಿ ಬಾಯಿ, ಕಿವಿ, ಗಂಟಲು ಯಾರೂ ನೋಡ್ಲಿಲ್ವಾ?"

"ಮುಟ್ಟೂ ನೋಡ್ಲಿಲ್ಲ."

ಐದು ದಿನ ಕೀವಿಗೆ ಔಷಧಿ ಕುಡಿಸಿ, ಆಮೇಲೆ ಹಲ್ಲು ಕಿತ್ತರು. ಹಿಡಿದುಕೊಳ್ಳಲು ನಾಲ್ಕು ಜನ ಬೇಕಾಯಿತು. ಅದರಲ್ಲಿ ರಂಗನಾಥನೂ ಒಬ್ಬ. ಹೆಂಡತಿ ಹೇಳಿಕಳಿಸಿದ್ದಕ್ಕೆ ಮಂಡಿಯಿಂದ ನೇರ ಬಂದಿದ್ದ. ಕಿತ್ತ ಜಾಗದಿಂದ ಹೊರಟ ಕೀವಿನ ನಾತಕ್ಕೆ ಅವನು ಮುಖ ಆಚೆ ತಿರುಗಿಸಿಕೊಂಡ. ಜ್ಯೋತಿಲಕ್ಷ್ಮಿ ತಿರುಗಿಸಿಕೊಳ್ಳಲಿಲ್ಲ.

ನಾಲ್ಕನೇ ದಿನಕ್ಕೆ ಕೃತಿಕಾ ಪಕ್ಕದ ಮನೆಯಿಂದ ತಂದ ಹಾಲಿನಲ್ಲಿ ಒಂದಿಡೀ ಮುದ್ದೆ ಉಂಡಳು. ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ಮಾತು ಬರಲಿಲ್ಲ. ಕರೆದರೆ ತಿರುಗಲಿಲ್ಲ. ತುದಿಗಾಲಲ್ಲೇ ಅಂಗಳದ ತುಂಬ ಓಡಿದಳು.

ಇಷ್ಟಾದ ಮೇಲೂ ರಂಗನಾಥ, "ಒಂದ್ಸಲ ಹೋಗಿ ಬರಾಣ. ಹೇಳದೆ ಕೇಳದೆ ಬಿಡೋದು ಸರಿಯಲ್ಲ," ಎಂದ.

"ನಡೀರಿ," ಎಂದಳು ಜ್ಯೋತಿಲಕ್ಷ್ಮಿ. "ನಂಗೂ ಅಲ್ಲಿ ಕೆಲಸ ಐತೆ."

ಕ್ಲಿನಿಕ್ಕಿನಲ್ಲಿ ಮತ್ತೆ ರಕ್ತ ತೆಗೆದರು. ನಲವತ್ತರ ಹತ್ತಿರ ಇದ್ದದ್ದು ಐದಕ್ಕೆ ಇಳಿದಿತ್ತು. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ನೋಡಿದ್ರಾ ರಂಗನಾಥ್? ನಮ್ಮ ಇಂಜೆಕ್ಷನ್ ಕೆಲಸ ಮಾಡಿದೆ. ಇನ್ನಾರು ತಿಂಗಳು ಬಿಡದೆ ಮಾಡಿಸಿದ್ರೆ ಮಾತೂ ಬರುತ್ತೆ."

"ಅವಳಿಗೆ ಹಲ್ಲು ಕಿತ್ತಿದಾರೆ," ಎಂದಳು ಜ್ಯೋತಿಲಕ್ಷ್ಮಿ. "ಒಳಗೆ ಕೀವು ತುಂಬಿತ್ತು. ಒಂದ್ಸಲಾನಾದ್ರೂ ನನ್ನ ಮಗಳ ಬಾಯಿ ತೆಗೆಸಿ ನೋಡಿದ್ರಾ ನೀವು?"

ಡಾಕ್ಟರ ನಗು ಮಾಸಿತು. "ಹಲ್ಲು ನನ್ನ ವಿಭಾಗ ಅಲ್ಲಮ್ಮ."

"ದುಡ್ಡು ಇಸ್ಕೊಳ್ಳೋವಾಗ ಇಡೀ ಮಗು ನಿಮ್ಮ ವಿಭಾಗವೇ ಆಗಿತ್ತಲ್ಲ? ನೋವಿಗೆ ಹೊಡ್ಕೋತಿದ್ದ ಮಗೂನ ನೋಡಿ ಮಿದುಳು ಉರೀತಿದೆ ಅಂದ್ರಿ. ಹಾಲು ಬಿಡಿಸಿದ್ರಿ, ಮೊಸರು ಬಿಡಿಸಿದ್ರಿ. ಹಸ್ಕೊಂಡು ನೆಲಕ್ಕೆ ಬಿದ್ರೆ ಶಾಂತವಾಗಿದಾಳೆ ಅಂತ ಇವರ ಹೆಗಲು ತಟ್ಟಿದ್ರಿ."

"ರಂಗನಾಥ್, ನಿಮ್ಮ ಮಿಸೆಸ್ಸಿಗೆ ಟೆನ್ಷನ್ ಆಗಿದೆ. ಸ್ವಲ್ಪ ಹೊರಗೆ ಕೂರಿಸಿ."

ರಂಗನಾಥ ಎದ್ದ. ಹೆಂಡತಿಯ ಕೈ ಹಿಡಿಯುವುದೋ ಬೇಡವೋ ಗೊತ್ತಾಗದೆ ನಿಂತ. ಅವಳೇ ಮಗಳನ್ನು ಎತ್ತಿಕೊಂಡು ಬಾಗಿಲು ತಳ್ಳಿ ಹೊರಗೆ ಬಂದಳು.

ಹೊರಗೆ ಬೆಂಚುಗಳ ತುಂಬ ಜನ. ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ತೂಗಾಡುತ್ತಿದ್ದ, ಇನ್ನೊಬ್ಬಳು ಗೋಡೆ ಸವರುತ್ತಿದ್ದಳು. "ಕೇಳಿ ಸ್ವಲ್ಪ," ಎಂದಳು ಜ್ಯೋತಿಲಕ್ಷ್ಮಿ. ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. "ಇಲ್ಲಿ ರಕ್ತದಲ್ಲಿ ಉರಿ ಇದೆ ಅಂತ ಯಾರ್ಯಾರಿಗೆ ಹೇಳಿದಾರೋ, ನಿಮ್ಮ ಮಕ್ಕಳ ಬಾಯಿ ನೋಡಿ. ಕಿವಿ ನೋಡಿ. ಮೈಯೆಲ್ಲ ನೋಡಿ. ನನ್ನ ಮಗಳು ತಿಂಗಳುಗಟ್ಟಲೆ ಹಲ್ಲುನೋವಲ್ಲಿ ನರಳಿದಾಳೆ."

ಬಿಳಿ ಷರಟಿನವನೊಬ್ಬ ಸಿಡುಕಿದ. "ನಿಮಗೆ ನಂಬಿಕೆ ಇಲ್ಲ ಅಂದ್ರೆ ಹೋಗ್ರೀ. ನಮಗಿರೋದು ಇದೊಂದೇ ದಾರಿ. ಇದನ್ನೂ ಯಾಕೆ ಹಾಳ್ಮಾಡ್ತೀರ?"

ಅವಳಿಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಒಳಗೆ ಕುರ್ಚಿಗೆ ಒರಗಿ ಕೂತವನ ಮೇಲೆ ಇಮ್ಮಡಿ ಬಂತು. "ನಮಗೂ ಹಂಗೇ ಅನ್ನಿಸಿತ್ತು ಅಣ್ಣ. ಅದನ್ನೇ ಅವನು ಮಾರ್ತಾ ಇರೋದು," ಎಂದು ಹೇಳಿ ಮೆಟ್ಟಿಲು ಇಳಿದಳು.

ರಂಗನಾಥ ಹಿಂದೆ ಓಡಿ ಬಂದ. "ಅಷ್ಟು ಜನದ ಮುಂದೆ ಮಾನ ಕಳ್ದಲ್ಲೇ!"

"ಕೀವು ಸುರಿದಾಗ ಮುಖ ತಿರುಗಿಸ್ಕೊಂಡ್ರಲ್ಲ, ಆವತ್ತು ಹೋಗ್ಬೇಕಿತ್ತು ಮಾನ."

ಮೆಟ್ಟಿಲ ಮೇಲಿಂದ ಹೆಂಗಸೊಬ್ಬಳು ಮಗನ ಕೈ ಹಿಡಿದು ಇಳಿದು ಬರುತ್ತಿದ್ದಳು. ಕಿವಿ ಮುಚ್ಚಿಕೊಂಡು ತೂಗುತ್ತಿದ್ದ ಹುಡುಗನೇ ಅವನು. ಚಿಕ್ಕನಾಯಕನಹಳ್ಳಿ ಕಡೆಯವಳಂತೆ, ಹೆಸರು ಓಬಮ್ಮ. ಯಾರಾದರೂ ನೋಡಿಯಾರೆಂದು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದಳು.

"ಅಕ್ಕ, ಇವನು ದಿಂಬಿನ ಮೇಲೆ ನೀರು ಬಿಡ್ತಾನೆ, ಈ ಕಿವಿಯಿಂದ. ನಾತ ಹೊಡೀತದೆ. ಡಾಕ್ಟ್ರಿಗೆ ಹೇಳಿದ್ರೆ ಅದೆಲ್ಲ ಆಮೇಲೆ ಅಂದ್ರು. ಯಾರಿಗೆ ತೋರಿಸ್ಬೇಕು?"

ಜ್ಯೋತಿಲಕ್ಷ್ಮಿ ಬಾಯಿ ಬಿಡುವ ಮೊದಲೇ ರಂಗನಾಥ ಮುಂದೆ ಬಂದ.

"ಇಲ್ಲೇ ಸರ್ಕಾರಿ ಆಸ್ಪತ್ರೆಗೆ ಹೋಗಮ್ಮ, ಇವತ್ತೇ ಹೋಗು. ಮಾತು ಬರಲ್ಲ ಅಂತ ಮೊದಲೇ ಹೇಳ್ಬೇಡ, ಅದನ್ನೇ ಹಿಡ್ಕೊಂಡು ಕಿವಿ ನೋಡಲ್ಲ. ಕಿವಿ ಸೋರ್ತಾ ಐತೆ ಅಂತ ಹೇಳು. ಅವರು ಆಮೇಲೆ ಬಾ ಅಂದ್ರೆ ಎದ್ದು ಬರ್ಬೇಡ." ಅವನು ಒಂದು ಸಲ ಹೆಂಡತಿಯನ್ನು ನೋಡಿದ. "ಬಾ, ನಾವೂ ಬತ್ತೀವಿ. ಅವನನ್ನ ಹಿಡ್ಕೊಳ್ಳೋಕೆ ಜನ ಬೇಕಾಗ್ತದೆ."